ಚಿಕ್ಕ ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಬೇಡವೇ ಬೇಡ

ಬಚ್ಚಲು ಒಡೆದು ಹೊಸ ಬಾತ್‌ರೂಮ್ ಮಾಡಿಸುವವರು ದಯವಿಟ್ಟು ಓದಿ. ಬಿಸಿನೀರಿಗೆ ಗ್ಯಾಸ್ ಗೀಸರನ್ನು ಒಳಗಡೆ ಹಾಕಿಸಬೇಡಿ. ಯಾರು ಎಷ್ಟು ಹೇಳಿದರೂ ಬೇಡ.

ಉಡುಪಿಯ ನಮ್ಮ ಮನೆಯ ಹಳೇ ಬಚ್ಚಲಿಗೆ ಹಂಚಿನ ಮಾಡು ಇತ್ತು. ಹಂಡೆಯ ಕೆಳಗೆ ಮಡಲು, ತೆಂಗಿನ ಸಿಪ್ಪೆ ಉರಿಯುತ್ತಿತ್ತು, ಹೊಗೆ ಹಂಚಿನ ಸಂದಿಯಲ್ಲೇ ಹೊರಗೆ ಹೋಗುತ್ತಿತ್ತು. ಅಲ್ಲೀಗ ನಾಲ್ಕಡಿ ಆರಡಿಯ ಬಾತ್‌ರೂಮ್. ಟೈಲ್ಸ್, ಸ್ಲ್ಯಾಬ್, ಪಿವಿಸಿ ಬಾಗಿಲು, ಒಂದು ಸಣ್ಣ ಕಿಟಕಿ. ಕೆಲಸ ವಹಿಸಿಕೊಂಡವರು "ಕರೆಂಟ್ ಬಿಲ್ ಉಳಿಯುತ್ತದೆ ಅಕ್ಕಾ" ಎಂದು ಗ್ಯಾಸ್ ಗೀಸರ್ ಕೂರಿಸಿದರು. ಉರಿಗೆ ಗಾಳಿ ಎಲ್ಲಿಂದ, ಉರಿದ ಗಾಳಿ ಎಲ್ಲಿಗೆ ಎಂಬ ಮಾತೇ ಎತ್ತಲಿಲ್ಲ.

ಜುಲೈ ತಿಂಗಳು, ಎರಚಲು ಹೊಡೆಯುತ್ತದೆಂದು ಕಿಟಕಿ ಮುಚ್ಚಿತ್ತು. ಮಗಳು ತಲೆಸ್ನಾನಕ್ಕೆ ಹೋಗಿದ್ದಳು. ನಲ್ಲಿಯ ಸದ್ದು ಕೇಳುತ್ತಿದೆ, ಕರೆದರೆ ಉತ್ತರ ಇಲ್ಲ. ಇವರು ಬಾಗಿಲು ದೂಡಿ ಚಿಲಕ ಕಿತ್ತರು. ಗೋಡೆಗೆ ಒರಗಿ ಕೂತಿದ್ದಳು, ಕಣ್ಣು ಅರ್ಧ ತೆರೆದಿತ್ತು, ಕಾಲಲ್ಲಿ ಬಲವೇ ಇಲ್ಲ. ಜಗಲಿಗೆ ತಂದ ಮೇಲೆ ವಾಂತಿ. ಕೊರೊನಾ ಕಾಲದ ಆಕ್ಸಿಮೀಟರ್ ಬೆರಳಿಗೆ ಹಾಕಿದರೆ 98 ತೋರಿಸಿತು. ಅತ್ತೆ, "ಹಸಿದ ಹೊಟ್ಟೆಯಲ್ಲಿ ಮಿಂದದ್ದಕ್ಕೆ ತಲೆ ಸುತ್ತಿರಬೇಕು" ಎಂದರು. ಆದರೂ ಆಸ್ಪತ್ರೆಗೆ ಓಡಿದೆವು. ಡಾಕ್ಟರ್ ಮೊದಲು ಕೇಳಿದ್ದೇ, "ಮನೆಯಲ್ಲಿ ಗ್ಯಾಸ್ ಗೀಸರ್ ಇದೆಯಾ?" ಕೂಡಲೇ ಆಕ್ಸಿಜನ್ ಮಾಸ್ಕ್ ಹಾಕಿದರು. ದೇವರ ದಯೆ, ಮಗಳು ಹುಷಾರಾದಳು.

ಗಾಳಿ ಸಾಲದೆ ಗ್ಯಾಸ್ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟು ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬೆರಳಿನ ಆಕ್ಸಿಮೀಟರ್‌ಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದಕ್ಕೇ 98. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಸುಮ್ನೆ ಪಿತ್ತ ಅಂದುಕೊಂಡು ಮಲಗಿಸಬೇಡಿ. ಎಕ್ಸಾಸ್ಟ್ ಫ್ಯಾನ್ ಇದೆಯಲ್ವಾ ಎಂದು ಧೈರ್ಯ ತಂದುಕೊಳ್ಳುವುದೂ ಬೇಡ. ಗಾಳಿ ಬರಲು ದಾರಿ ಇಲ್ಲದಿದ್ದರೆ ಅದು ಗೀಸರಿನ ಹೊಗೆಯನ್ನೇ ಮತ್ತೆ ಒಳಗೆ ಎಳೆಯಬಹುದು.

ನಿಜ ಹೇಳಬೇಕೆಂದರೆ, ಕರಾವಳಿಯಲ್ಲಿ ಅಷ್ಟು ದೊಡ್ಡ ಉರಿಯ ಅಗತ್ಯವೇ ಇಲ್ಲ. ಟ್ಯಾಂಕಿನ ನೀರೇ ಹೆಚ್ಚಿನ ದಿನ 27-28 ಡಿಗ್ರಿ ಇರುತ್ತದೆ, ಮೀಯಲು 40 ಸಾಕು. 15 ಲೀಟರಿನ ಕರೆಂಟ್ ಗೀಸರಿನಲ್ಲಿ 60 ಡಿಗ್ರಿಗೆ ಕಾದ ನೀರಿಗೆ ತಣ್ಣೀರು ಬೆರೆಸಿದರೆ ಸುಮಾರು 40 ಲೀಟರ್ ಆಗುತ್ತದೆ, ಅಂದರೆ ಎರಡು ಬಕೆಟ್. 2 ಕಿಲೋವ್ಯಾಟಿನದ್ದಾದರೆ ಕಾಯಲು 20 ನಿಮಿಷದೊಳಗೆ ಸಾಕು. ನಾವೀಗ ಅದನ್ನೇ ಹಾಕಿಸಿದ್ದೇವೆ. 16 ಆಂಪಿಯರ್ ಪಾಯಿಂಟ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕೂಡಲೇ ಲೈನ್ ಕಡಿಯುವ ಸ್ವಿಚ್), ಮೂರನ್ನೂ ಟೈಲ್ಸ್ ಕೂರಿಸುವ ಮೊದಲೇ ಕೇಳಿ ಮಾಡಿಸಿ.

ಬಾಡಿಗೆ ಮನೆಯಲ್ಲಿ ಗ್ಯಾಸ್ ಗೀಸರ್ ಬಾತ್‌ರೂಮಿನೊಳಗೇ ಇದ್ದರೆ, ಹೊರಗೋಡೆಗೆ ಹಾಕಿಸಿಕೊಡಿ ಎಂದು ಮನೆ ಮಾಲೀಕರಿಗೆ ಇವತ್ತೇ ಹೇಳಿ. ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆಫ್ ಮಾಡಿ, ಒಳಗಿನ ಗಾಳಿ ಹೊರಗೆ ಹೋದ ಮೇಲೆಯೇ ಮೀಯಲು ಹೋಗಿ.