ಟೆಕ್ಸಸ್‌ನ ಹಳೆಯ ಕೌಂಟಿ ನ್ಯಾಯಾಲಯಗಳ ಜೀರ್ಣೋದ್ಧಾರ: ಗೋಪುರ ನೋಡಿ ಅಂಕ ಕೊಡಬೇಡಿ

ಟೆಕ್ಸಸ್‌ನ ಹಳೆಯ ಕೌಂಟಿ ನ್ಯಾಯಾಲಯ ನೋಡಲು ಹೋದವರಲ್ಲಿ ಹೆಚ್ಚಿನವರು ಹುಲ್ಲುಹಾಸಿನ ಮೇಲೆ ನಿಂತು ಗಡಿಯಾರ ಗೋಪುರದ ಫೋಟೊ ತೆಗೆದುಕೊಂಡು ವಾಪಸಾಗುತ್ತಾರೆ. ಜೀರ್ಣೋದ್ಧಾರದ ಕೆಲಸ ಚೆನ್ನಾಗಿ ಆಗಿದೆಯೋ ಇಲ್ಲವೋ ಎಂಬುದು ಅಲ್ಲಿಂದ ತಿಳಿಯುವುದಿಲ್ಲ. ದುಡ್ಡಿದ್ದರೆ ಗೋಪುರವನ್ನು ಯಾರು ಬೇಕಾದರೂ ಥಳಥಳಿಸುವಂತೆ ಮಾಡಬಹುದು. ಒಳಗೆ ಹೋಗಿ ಕಟ್ಟಡದ ನಡುವಿನ ಬಾವಿಯಲ್ಲಿ, ಅಂದರೆ ಗಾಳಿ ಬೆಳಕಿಗೆಂದು ಕೆಳಗಿನಿಂದ ಮೇಲಿನವರೆಗೆ ತೆರೆದಿಟ್ಟ ಜಾಗದಲ್ಲಿ, ನಿಂತು ಕತ್ತೆತ್ತಿ ನೋಡಿ. ಮೇಲಂತಸ್ತಿನ ಕೋರ್ಟ್ ಹಾಲ್‌ಗೆ ಹತ್ತಿ. ಹೊರಬರುವಾಗ ಕಲ್ಲಿನ ಸಂದುಗಳ ಮೇಲೆ ಬೆರಳಾಡಿಸಿ. ಅಂಕ ಕೊಡಬೇಕಾದದ್ದು ಇವುಗಳಿಗೆ.

ಈ ರಾಜ್ಯದಲ್ಲಿ 254 ಕೌಂಟಿಗಳಿವೆ, ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳು. ನ್ಯಾಯಾಲಯ ಕಟ್ಟಲು ಬಾಂಡ್ ಹೊರಡಿಸಿ ಸಾಲ ಎತ್ತಲು 1881ರಲ್ಲಿ ಶಾಸನಸಭೆ ಕೌಂಟಿಗಳಿಗೆ ಅನುಮತಿ ಕೊಟ್ಟಿತು. ಮುಂದಿನ ಎರಡು ದಶಕಗಳಲ್ಲಿ ಊರೂರಿಗೂ ಕಲ್ಲಿನ ಕಟ್ಟಡಗಳು ಎದ್ದವು. ಇಪ್ಪತ್ತನೇ ಶತಮಾನದ ನಡುಭಾಗ ಅವುಗಳಿಗೆ ಕೆಟ್ಟ ಕಾಲ. ಗೋಪುರಗಳು ಉರುಳಿದವು, ಎತ್ತರದ ಹಾಲ್‌ಗಳ ನಡುವೆ ಹೊಸ ಮಹಡಿಗಳು ಬಂದವು, ಮರದ ಕಿಟಕಿಗಳ ಜಾಗಕ್ಕೆ ಅಲ್ಯೂಮಿನಿಯಂ ಬಂತು. 1998ರಲ್ಲಿ ನ್ಯಾಷನಲ್ ಟ್ರಸ್ಟ್ ಫಾರ್ ಹಿಸ್ಟಾರಿಕ್ ಪ್ರಿಸರ್ವೇಶನ್ ಸಂಸ್ಥೆ ಅಮೆರಿಕದಲ್ಲಿ ಅತಿ ಹೆಚ್ಚು ಅಪಾಯದಲ್ಲಿರುವ 11 ತಾಣಗಳ ಪಟ್ಟಿಗೆ ಟೆಕ್ಸಸ್‌ನ ನ್ಯಾಯಾಲಯಗಳನ್ನು ಒಟ್ಟಾಗಿ ಸೇರಿಸಿತು. ಮರುವರ್ಷ, ಜಾರ್ಜ್ ಡಬ್ಲ್ಯೂ. ಬುಷ್ ಗವರ್ನರ್ ಆಗಿದ್ದಾಗ, 5 ಕೋಟಿ ಡಾಲರ್ ಮೊದಲ ಕಂತಿನೊಂದಿಗೆ ಟೆಕ್ಸಸ್ ಹಿಸ್ಟಾರಿಕ್ ಕೋರ್ಟ್‌ಹೌಸ್ ಪ್ರಿಸರ್ವೇಶನ್ ಪ್ರೋಗ್ರಾಂ ಶುರುವಾಯಿತು. ನಡೆಸುತ್ತಿರುವುದು ರಾಜ್ಯ ಸರ್ಕಾರದ ಸಂಸ್ಥೆಯಾದ ಟೆಕ್ಸಸ್ ಹಿಸ್ಟಾರಿಕಲ್ ಕಮಿಷನ್. ಇದುವರೆಗೆ 70ಕ್ಕೂ ಹೆಚ್ಚು ಕಟ್ಟಡಗಳು ಪೂರ್ಣ ಜೀರ್ಣೋದ್ಧಾರ ಕಂಡಿವೆ.

ಯೋಜನೆಯ ಷರತ್ತುಗಳೇ ಅದರ ದೊಡ್ಡ ಬಲ. ಅರ್ಜಿ ಹಾಕುವ ಮೊದಲೇ ಕಟ್ಟಡದ ಇತಿಹಾಸ, ಈಗಿನ ಸ್ಥಿತಿ, ಕೆಲಸದ ಅಂದಾಜು ಎಲ್ಲ ಸೇರಿದ ಮಾಸ್ಟರ್ ಪ್ಲಾನ್ ಸಿದ್ಧವಿರಬೇಕು, ಅದಕ್ಕೆ ಕಮಿಷನ್ನಿನ ಒಪ್ಪಿಗೆಯೂ ಸಿಕ್ಕಿರಬೇಕು. ವೆಚ್ಚದಲ್ಲಿ ಕನಿಷ್ಠ ಶೇ. 15 ಕೌಂಟಿಯ ಪಾಲು. ಕೆಲಸ ಮುಗಿದ ಮೇಲೂ ಕಟ್ಟಡವನ್ನು ಮನಬಂದಂತೆ ಬದಲಿಸದ ಹಾಗೆ ಕಮಿಷನ್ನಿಗೆ ಹಕ್ಕು ಬರೆದುಕೊಡಬೇಕು. ಈ ಕೊನೆಯ ಷರತ್ತು ಇಲ್ಲದಿದ್ದರೆ ಹತ್ತು ವರ್ಷಕ್ಕೆ ಮತ್ತೆ ಫಾಲ್ಸ್ ಸೀಲಿಂಗ್ ಬಂದು ಕೂರುತ್ತಿತ್ತು. ಅನುದಾನ ಪಡೆಯದ ಕೌಂಟಿಗೂ ಒಂದು ಕಡಿವಾಣವಿದೆ: ಐತಿಹಾಸಿಕ ನ್ಯಾಯಾಲಯವನ್ನು ಕೆಡವುವ, ಮಾರುವ ಅಥವಾ ಅದರ ಸ್ವರೂಪ ಕೆಡಿಸುವ ಮೊದಲು ಕಮಿಷನ್ನಿಗೆ ಆರು ತಿಂಗಳ ಮುಂಚೆ ತಿಳಿಸಲೇಬೇಕು.

ಕೊರತೆಯೂ ಇಲ್ಲಿಯೇ ಇದೆ. ಶೇ. 15ಕ್ಕಿಂತ ಹೆಚ್ಚು ಹಣ ಹಾಕುವ ಕೌಂಟಿಗೆ ಆಯ್ಕೆಯಲ್ಲಿ ಹೆಚ್ಚು ಅಂಕ. ಕೌಂಟಿ ಮೊದಲು ಗುತ್ತಿಗೆದಾರರ ಬಿಲ್ ಕಟ್ಟಬೇಕು, ಅನುದಾನ ಆಮೇಲೆ ಬರುತ್ತದೆ. ಕೆಲವೇ ಸಾವಿರ ಜನರಿರುವ ಪಶ್ಚಿಮ ಟೆಕ್ಸಸ್‌ನ ಕೌಂಟಿಗಳಿಗೆ ಇವೆರಡೂ ಭಾರ. ಸರದಿ ಕಾಯುವಷ್ಟು ಹೊತ್ತಿಗೆ ಸೋರುವ ಮಾಡು ಒಳಗಿನ ಗಿಲಾವನ್ನು ಉದುರಿಸಿಬಿಟ್ಟಿರುತ್ತದೆ, ಹಳೆಯ ಅಂದಾಜು ಉಪಯೋಗಕ್ಕೆ ಬರುವುದಿಲ್ಲ. ತುರ್ತು ಅನುದಾನ ಎಂಬ ಪ್ರತ್ಯೇಕ ದಾರಿಯೊಂದಿದೆ. ಮಾಡು ಸೋರುತ್ತಿರುವ ಕೌಂಟಿ ಪೂರ್ಣ ಅನುದಾನಕ್ಕಾಗಿ ಕಾಯುತ್ತ ಕೂರದೆ ಮೊದಲು ಅದನ್ನು ಕೇಳುವುದೇ ಲೇಸು.

ಇನ್ನು ಕಟ್ಟಡಗಳಿಗೆ ಬರೋಣ. ಈ ವಿಷಯದಲ್ಲಿ ಮುಖ್ಯ ಹೆಸರು ವಾಸ್ತುಶಿಲ್ಪಿ ಜೇಮ್ಸ್ ರೈಲಿ ಗೋರ್ಡನ್. ಟೆಕ್ಸಸ್‌ನಲ್ಲಿ ಆತ ರೂಪಿಸಿದ 18 ನ್ಯಾಯಾಲಯಗಳಲ್ಲಿ 12 ಉಳಿದಿವೆ. ಅವನ ನಕ್ಷೆಯ ಜಾಣತನ ಇಷ್ಟು: ಕಟ್ಟಡ ಅಧಿಕ ಚಿಹ್ನೆಯ ಆಕಾರದಲ್ಲಿರುತ್ತದೆ. ಬಾಗಿಲುಗಳು ಮುಂಭಾಗದ ನಡುವೆ ಇರದೆ ತೋಳುಗಳು ಕೂಡುವ ಒಳಮೂಲೆಗಳಲ್ಲಿ, ನೆರಳಿನ ಮೊಗಸಾಲೆಗಳ ಹಿಂದೆ ಇರುತ್ತವೆ. ಮೊಗಸಾಲೆಯಲ್ಲಿ ತಣಿದ ಗಾಳಿ ಒಳಗೆ ಬರುತ್ತದೆ, ಕೋಣೆಗಳ ಬಿಸಿಗಾಳಿ ನಡುವಿನ ಬಾವಿಗೆ ಸೇರಿ ಮೇಲೇರಿ ಗೋಪುರದಿಂದ ಹೊರಬೀಳುತ್ತದೆ. ದೂರಕ್ಕೆ ಅಲಂಕಾರವೆಂದು ಕಾಣುವ ಗೋಪುರ ಟೆಕ್ಸಸ್‌ನ ಬೇಸಿಗೆಯಲ್ಲಿ ಹೊಗೆಗೂಡಿನಂತೆ ಕೆಲಸ ಮಾಡುತ್ತಿತ್ತು. ಎಸಿ ಬಂದ ಮೇಲೆ ಈ ಬಾವಿ ದಂಡದ ಜಾಗವಾಗಿ ಕಂಡಿತು. ಅಲ್ಲಿ ಲಿಫ್ಟ್, ಶೌಚಾಲಯ, ಕಡತದ ಕೋಣೆಗಳನ್ನು ತುರುಕಿದರು.

ಆದ್ದರಿಂದ ಗೋರ್ಡನ್‌ನ ಯಾವುದೇ ಕಟ್ಟಡದಲ್ಲಿ ಮೊದಲ ಪ್ರಶ್ನೆ, ಬಾವಿ ತೆರೆಯಿತೇ? ಲಾ ಗ್ರಾಂಜ್‌ನಲ್ಲಿರುವ ಫೇಯೆಟ್ ಕೌಂಟಿಯ 1891ರ ನ್ಯಾಯಾಲಯ ಇದಕ್ಕೆ ಒಳ್ಳೆಯ ಉತ್ತರ. ಆಕಾಶಕ್ಕೆ ತೆರೆದಿದ್ದ ನಡುವಿನ ಅಂಗಳವನ್ನು ಒಂದು ಕಾಲದಲ್ಲಿ ಕಚೇರಿಯ ಬಳಕೆಗೆಂದು ಮುಚ್ಚಲಾಗಿತ್ತು. ಈಗ ಗಿಡಗಳೂ ಕಾರಂಜಿಯೂ ಸಮೇತ ಅದು ವಾಪಸಾಗಿದೆ. ಕಚೇರಿಯ ಜಾಗ ಕಡಿಮೆಯಾಯಿತು ನಿಜ, ಆದರೆ ಸುತ್ತಲಿನ ಪ್ರತಿ ಕೋಣೆಗೂ ಎರಡೂ ಬದಿಯಿಂದ ಬೆಳಕು ಸಿಕ್ಕಿತು. ಒಂದೇ ಕಟ್ಟಡ ನೋಡಲು ಸಮಯವಿದ್ದರೆ ಇಲ್ಲಿಗೆ ಹೋಗಿ ಎನ್ನುತ್ತೇನೆ.

ಹೆಚ್ಚು ಪ್ರಸಿದ್ಧಿ ಇರುವುದು ವಾಕ್ಸಹಾಚಿಯ ಎಲ್ಲಿಸ್ ಕೌಂಟಿ ನ್ಯಾಯಾಲಯಕ್ಕೆ. 1897ರ ಕಟ್ಟಡ, 2002ರಲ್ಲಿ ಪುನರರ್ಪಣೆಯಾಯಿತು. ಗುಲಾಬಿ ಗ್ರಾನೈಟ್ ಮತ್ತು ಕೆಂಪು ಮರಳುಗಲ್ಲಿನ ಜೋಡಣೆ ಬೆಳಗಿನ ಬಿಸಿಲಿನಲ್ಲಿ ಬಲು ಚೆಂದ. ಮೊಗಸಾಲೆಯ ಕಂಬಗಳ ಮೇಲೆ ಕೆತ್ತಿದ ಮುಖಗಳಿಗೆ ಶಿಲ್ಪಿಯ ಸೋತ ಪ್ರೇಮದ ಕಥೆಯೊಂದು ಅಂಟಿಕೊಂಡಿದೆ. ಅದು ದಂತಕಥೆ, ಗೈಡ್ ಹೇಳಿದರೆ ಕೇಳಿ ಸುಮ್ಮನಿರಿ. ಮುಖಗಳಿಗಿಂತ ಗಮನಿಸಬೇಕಾದದ್ದು ಕಲ್ಲಿನ ಪದರ. ಮರಳುಗಲ್ಲನ್ನು ಗಣಿಯಲ್ಲಿ ಮಲಗಿದ್ದ ಹಾಗೆಯೇ ಪದರ ಅಡ್ಡಲಾಗಿ ಬರುವಂತೆ ಕೂರಿಸಬೇಕು. ಪದರ ಗೋಡೆಯ ಮುಖಕ್ಕೆ ಸಮಾಂತರವಾಗಿ ನಿಂತರೆ ನೀರು ಹೊಕ್ಕು ಹೊಕ್ಕು ಹಾಳೆ ಹಾಳೆಯಾಗಿ ಏಳುತ್ತದೆ. ಹಾಗೆ ಎದ್ದ ಕಲ್ಲಿಗೆ ಸಿಮೆಂಟ್ ಮೆತ್ತುವುದು ವ್ಯರ್ಥ. ಕೆಟ್ಟ ಭಾಗವನ್ನು ಚೌಕಾಕಾರವಾಗಿ ಕಡಿದು ತೆಗೆದು, ಅದೇ ಜಾತಿಯ ಕಲ್ಲಿನ ತುಂಡನ್ನು ಸರಿಯಾದ ಪದರದಲ್ಲಿ ಹೊಂದಿಸಿ ಕೂರಿಸಬೇಕು.

ಈಗ ಸಂದುಗಳು. ಇಡೀ ಜೀರ್ಣೋದ್ಧಾರದಲ್ಲಿ ಅತಿ ಹೆಚ್ಚು ಹಾನಿ ಮಾಡುವುದೂ, ಜನರ ಕಣ್ಣಿಗೆ ಬೀಳದೆ ಹೋಗುವುದೂ ಇದೇ ಕೆಲಸ. ಹಳೆಯ ಗೋಡೆಗಳ ಗಾರೆ ಸುಣ್ಣದ್ದು, ಕಲ್ಲಿಗಿಂತ ಮೆದು. ಗೋಡೆಯೊಳಗಿನ ತೇವ ಅದರ ಮೂಲಕ ಹೊರಗೆ ಆರಿಹೋಗುತ್ತದೆ. ಸವೆದ ಸಂದಿಗೆ ಬರೀ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಗಾರೆ ತುಂಬಿದರೆ ಆ ದಾರಿ ಕಟ್ಟಿಹೋಗುತ್ತದೆ. ತೇವ ಕಲ್ಲಿನ ಮೈಯಿಂದಲೇ ಹೊರಬರಬೇಕಾಗುತ್ತದೆ, ಉಪ್ಪು ಹೊರಗೆ ಕಾಣಿಸಿಕೊಳ್ಳುತ್ತದೆ, ಕಲ್ಲಿನ ಮುಖ ಉದುರುತ್ತದೆ. ಕೊನೆಗೆ ಕಲ್ಲು ಒಳಸರಿದು ಸಿಮೆಂಟ್ ಗೆರೆ ಮಾತ್ರ ಉಬ್ಬಿ ನಿಲ್ಲುತ್ತದೆ. ಗೋಡೆಯಲ್ಲಿ ಹೀಗೆ ಉಬ್ಬಿದ ಬೂದು ಗೆರೆ ಕಂಡರೆ ಹಿಂದಿನ ದುರಸ್ತಿಯೇ ಕಟ್ಟಡವನ್ನು ತಿನ್ನುತ್ತಿದೆ ಎಂದು ತಿಳಿಯಿರಿ.

ಸರಿಯಾದ ಕ್ರಮ ನಿಧಾನದ್ದು. ಹಳೆಯ ಗಾರೆಯನ್ನು ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ಕೆರೆದು ತೆಗೆಯಬೇಕು. ಅಡ್ಡ ಸಂದುಗಳಿಗೆ ನುರಿತ ಕೈಯಲ್ಲಿ ಗ್ರೈಂಡರ್ ನಡೆದೀತು, ಲಂಬ ಸಂದುಗಳಿಗೆ ಉಳಿ ಸುತ್ತಿಗೆಯೇ ಆಗಬೇಕು. ಗ್ರೈಂಡರ್ ಹಿಡಿದವರ ಅವಸರ ಲಂಬ ಸಂದಿನ ಎರಡೂ ತುದಿಗಳಲ್ಲಿ ಗೊತ್ತಾಗುತ್ತದೆ, ಗಾಲಿ ಮೇಲಿನ ಮತ್ತು ಕೆಳಗಿನ ಕಲ್ಲಿನೊಳಕ್ಕೆ ನುಗ್ಗಿ ಕೊರೆದ ಗೀರು ಹಾಗೇ ಉಳಿದಿರುತ್ತದೆ. ಆಮೇಲೆ ಧೂಳು ತೊಳೆದು, ಸಂದು ತೇವವಾಗಿದ್ದರೂ ನೀರು ನಿಲ್ಲದ ಸ್ಥಿತಿಯಲ್ಲಿ ಗಾರೆ ತುಂಬಬೇಕು. ಮೆದು ಕಲ್ಲಿಗೆ ಬರೀ ಸುಣ್ಣ ಮತ್ತು ಮರಳು ಸಾಕು. ಸ್ವಲ್ಪ ಗಟ್ಟಿ ಬೇಕೆಂದರೆ 1 ಪಾಲು ಸಿಮೆಂಟ್, 3 ಪಾಲು ಸುಣ್ಣ, 10ರಿಂದ 12 ಪಾಲು ಮರಳು. ಗ್ರಾನೈಟ್‌ನಂಥ ಗಟ್ಟಿ ಕಲ್ಲಿಗೆ 1, 2, 9ರ ಪ್ರಮಾಣ ನಡೆಯುತ್ತದೆ. ಒಂದು ಸಲಕ್ಕೆ 6 ಮಿ.ಮೀ. ದಪ್ಪದ ಪದರ, ಅದು ಹೆಬ್ಬೆರಳಿನ ಗುರುತು ಮೂಡುವಷ್ಟು ಗಟ್ಟಿಯಾದ ಮೇಲೆ ಮುಂದಿನ ಪದರ. ಒಂದೇ ಸಲಕ್ಕೆ ಗಿಡಿದು ತುಂಬಿದರೆ ಒಣಗುವಾಗ ಕುಗ್ಗಿ ಅಂಚು ಬಿಡುತ್ತದೆ. ತಾಪಮಾನ 4ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಟೆಕ್ಸಸ್‌ನ ಜುಲೈ, ಆಗಸ್ಟ್ ಮಧ್ಯಾಹ್ನಗಳು ಈ ಮಿತಿ ದಾಟುತ್ತವೆ, ಹಾಗಾಗಿ ನೆರಳಿನ ಪರದೆ ಕಟ್ಟಿ ಗೋಣಿತಟ್ಟು ತೇವವಾಗಿ ಇಡದ ಗುತ್ತಿಗೆದಾರರ ಕೆಲಸ ಪುಡಿಪುಡಿಯಾಗುತ್ತದೆ. ಕಲ್ಲು ತೊಳೆಯಲು ಕಡಿಮೆ ಒತ್ತಡದ ನೀರು ಸಾಕು, 400 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್ ಲೆಕ್ಕದ ಒತ್ತಡ) ದಾಟಬಾರದು. ಮರಳು ಊದಿ ಶುಚಿಮಾಡಿದ ಗೋಡೆ ಮತ್ತೆ ಮೊದಲಿನಂತಾಗುವುದಿಲ್ಲ, ಕಲ್ಲಿನ ಗಟ್ಟಿಪೊರೆ ಹೋಗಿ ಕೊಳೆ ಇನ್ನೂ ಬೇಗ ಹಿಡಿಯುತ್ತದೆ.

ಕೋರ್ಟ್ ಹಾಲ್‌ಗಳ ವಿಷಯದಲ್ಲಿ ಸ್ಯಾನ್ ಆಂಟೋನಿಯೊದ ಬೆಕ್ಸರ್ ಕೌಂಟಿ ನೋಡಬೇಕಾದದ್ದು. 1890ರ ದಶಕದ ಈ ಕೆಂಪು ಕಟ್ಟಡವೂ ಗೋರ್ಡನ್‌ನದೇ. ಎರಡಂತಸ್ತು ಎತ್ತರದ ಹಾಲ್ ಅನ್ನು ಸೀಳಿದ್ದ ಮಹಡಿ ತೆಗೆದು ಪೂರ್ಣ ಎತ್ತರ ಮರಳಿಸಿದ್ದಾರೆ. 1963 ಮತ್ತು 1972ರ ಸೇರ್ಪಡೆಗಳನ್ನು ಕೆಡವಿದ್ದಾರೆ, 1920ರ ದಶಕದ್ದನ್ನು ಉಳಿಸಿಕೊಂಡಿದ್ದಾರೆ. ಆ ವಿವೇಚನೆ ನನಗೆ ಸರಿ ಎನ್ನಿಸುತ್ತದೆ. ಮೂಲಕ್ಕೆ ಮರಳಿಸುತ್ತೇವೆಂದು ನಂತರದ ಎಲ್ಲವನ್ನೂ ಕಿತ್ತರೆ ಒಳ್ಳೆಯ ಕೆಲಸವೂ ಹೋಗುತ್ತದೆ. ಬಾಲ್ಕನಿ ಎಲ್ಲಿತ್ತು, ಬಣ್ಣ ಯಾವುದಿತ್ತು ಎಂಬುದಕ್ಕೆ ಊಹೆ ಸಾಲದು. ಗಿಲಾವಿನ ಮೇಲೆ ಉಳಿದ ತೊಲೆಯ ಗುರುತು, ಹಳೆಯ ಫೋಟೊ, ಸೂಕ್ಷ್ಮದರ್ಶಕದ ಕೆಳಗೆ ಎಣಿಸಿದ ಬಣ್ಣದ ಪದರಗಳು ಬೇಕು. ಗೋರ್ಡನ್‌ನ ಮೂಲ ನಕ್ಷೆಗಳು ಆಸ್ಟಿನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ವಾಸ್ತು ಸಂಗ್ರಹದಲ್ಲಿರುವುದು ಈ ಕೆಲಸಗಾರರ ಭಾಗ್ಯ.

ಕಳೆದುಹೋದದ್ದನ್ನು ಮತ್ತೆ ಕಟ್ಟುವುದು ಬೇರೆಯೇ ಮಾತು. ಗೋಲಿಯಾಡ್ ಕೌಂಟಿಯ ಗೋಪುರಗಳನ್ನು 1942ರ ಚಂಡಮಾರುತ ಒಯ್ದಿತ್ತು, 2003ರಲ್ಲಿ ಮರಳಿ ಬಂದವು. ವಾರ್ಟನ್ ಕೌಂಟಿಯ 1889ರ ಕಟ್ಟಡ ಗುರುತು ಸಿಗದಂತೆ ಹೊಸ ಹೊದಿಕೆಯೊಳಗೆ ಅಡಗಿತ್ತು. ಬಾನಮ್‌ನ ಫ್ಯಾನಿನ್ ಕೌಂಟಿಯಲ್ಲಿ 1929ರ ಬೆಂಕಿ ಗೋಪುರ ತಿಂದಿತ್ತು, 1960ರ ದಶಕದ ನವೀಕರಣ ಉಳಿದ ಚಹರೆ ಅಳಿಸಿತ್ತು. 2022ರಲ್ಲಿ ಅದು 1888ರ ರೂಪಕ್ಕೆ ಮರಳಿತು. ಹೊದಿಕೆಯ ಕೆಳಗೆ ಹಳೆಯ ಕಲ್ಲು ಎಷ್ಟು ಉಳಿದಿದೆ ಎಂಬುದರ ಮೇಲೆ ಇಂಥ ಕೆಲಸದ ಮೌಲ್ಯ ನಿಂತಿರುತ್ತದೆ. ಹೊದಿಕೆ ಹಿಡಿಸಲು ಹಳೆಯ ಕೆತ್ತನೆಯನ್ನೇ ಕಡಿದು ಸಪಾಟು ಮಾಡಿದ್ದರೆ ಹೊಸ ಕಲ್ಲು ತರದೆ ದಾರಿಯಿಲ್ಲ.

ಬೆಂಕಿಯ ಭಯ ಯಾವಾಗಲೂ ಇದ್ದದ್ದೇ. 1993ರ ಜನವರಿ 1ರಂದು ಹಿಲ್ಸ್‌ಬರೊದ ಹಿಲ್ ಕೌಂಟಿ ನ್ಯಾಯಾಲಯದ ಮಾಡೂ ಗೋಪುರವೂ ಸುಟ್ಟುಹೋದವು. ಮರುನಿರ್ಮಾಣ ಮುಗಿದದ್ದು 1999ರಲ್ಲಿ. 2021ರ ಫೆಬ್ರುವರಿಯಲ್ಲಿ ಮೇಸನ್ ಕೌಂಟಿಯ ಕಟ್ಟಡಕ್ಕೆ ಕಿಡಿಗೇಡಿಯೊಬ್ಬ ಬೆಂಕಿ ಹಚ್ಚಿದ. ನವೀಕರಣಕ್ಕಾಗಿ ಅದು ಮೊದಲೇ ಖಾಲಿಯಾಗಿತ್ತು, ಕಲ್ಲಿನ ಗೋಡೆಗಳು ನಿಂತವು. ತೆರೆದ ಬಾವಿ ಮರಳಿಸುವವರು ಹೊಗೆಯ ಲೆಕ್ಕವನ್ನೂ ಹಾಕಲೇಬೇಕು. ಗಾಳಿ ಮೇಲೇರುವ ದಾರಿಯಲ್ಲೇ ಹೊಗೆಯೂ ಏರುತ್ತದೆ. ಅಟ್ಟದಲ್ಲಿ ಸ್ಪ್ರಿಂಕ್ಲರ್ ಮತ್ತು ಹೊಗೆ ಪತ್ತೆ ಸಾಧನ ಇಲ್ಲದ ಜೀರ್ಣೋದ್ಧಾರವನ್ನು ಮುಗಿದ ಕೆಲಸವೆಂದು ಒಪ್ಪಬಾರದು.

ಎಸಿ ಇನ್ನೊಂದು ತಲೆನೋವು. ಒಳ್ಳೆಯ ಎಂಜಿನಿಯರ್ ಡಕ್ಟ್‌ಗಳನ್ನು ಹಳೆಯ ಹೊಗೆಕೊಳವೆಗಳಲ್ಲಿ, ಕಡತದ ಕೋಣೆಗಳ ಮೂಲೆಗಳಲ್ಲಿ ಅಡಗಿಸುತ್ತಾನೆ. ಯಂತ್ರವನ್ನು ಅಟ್ಟದಲ್ಲಿಟ್ಟರೆ ಕೆಳಗೆ ನೀರು ಹಿಡಿಯುವ ತಟ್ಟೆ, ಎರಡನೇ ಬಸಿಗೊಳವೆ ಮತ್ತು ಸೋರಿದರೆ ಕೂಗುವ ಸಾಧನ ಇರಲೇಬೇಕು. ಇಲ್ಲದಿದ್ದರೆ ಕೋರ್ಟ್ ಹಾಲ್‌ನ ಹೊಸ ಗಿಲಾವಿನಲ್ಲಿ ಕಂದು ಕಲೆ ಕಾಣಿಸಿಕೊಳ್ಳುತ್ತದೆ. ಆ ಕಲೆಯನ್ನು ಹುಡುಕಿ ನೋಡಿ, ಸುಲಭದ ಪರೀಕ್ಷೆ.

ಒಂದು ದೂರು ಹೇಳಲೇಬೇಕು. ಭದ್ರತೆಯ ಕಾರಣಕ್ಕೆ ಹಲವೆಡೆ ಒಂದೇ ಬಾಗಿಲು ತೆರೆದು ಲೋಹ ಶೋಧಕ ಇಟ್ಟಿದ್ದಾರೆ, ಉಳಿದ ಮೂಲೆಬಾಗಿಲುಗಳಿಗೆ ಬೀಗ. ತಪಾಸಣೆ ಬೇಕು, ಒಪ್ಪುತ್ತೇನೆ. ಆದರೆ ಬೀಗ ಬಿದ್ದ ಮೊಗಸಾಲೆಗಳು ಕುರ್ಚಿ, ಸೂಚನಾಫಲಕಗಳ ಗೋದಾಮಾಗುವುದು ಬೇಡ.

ನೋಡಲು ಹೋಗುವವರು ವಾರದ ದಿನ, ಕಚೇರಿ ವೇಳೆಯಲ್ಲಿ ಹೋಗಬೇಕು. ಇವು ಇಂದಿಗೂ ಕೆಲಸ ನಡೆಯುವ ಕಚೇರಿಗಳು. ಕಲಾಪ ನಡೆಯುತ್ತಿದ್ದರೆ ಕೋರ್ಟ್ ಹಾಲ್‌ನಲ್ಲಿ ಫೋಟೊಕ್ಕೆ ಅನುಮತಿ ಸಿಗದು. ಡಿಸ್ಟ್ರಿಕ್ಟ್ ಕ್ಲರ್ಕ್ ಕಚೇರಿಯಲ್ಲಿ ಅಂದಿನ ಕಲಾಪದ ವೇಳಾಪಟ್ಟಿ ಕೇಳಿ, ಬಿಡುವಿನ ಹೊತ್ತು ನೋಡಿಕೊಂಡು ಮೇಲೆ ಹತ್ತಿ. ಮಳೆ ಬಂದ ಮರುದಿನ ಹೋದರೆ ಇನ್ನೂ ಉತ್ತಮ. ಮಾಡಿನ ಮಳೆನೀರು ಹರಿಯುವ ದೋಣಿ ಎಲ್ಲಿ ಕಟ್ಟಿಕೊಂಡಿದೆ, ಕೊಳವೆ ಎಲ್ಲಿ ಬಿರಿದಿದೆ ಎಂಬುದು ಗೋಡೆಯ ಒದ್ದೆ ಪಟ್ಟೆಯಲ್ಲೇ ಕಾಣುತ್ತದೆ, ಅನುದಾನ ಮುಗಿದ ಮೇಲೆ ಕೌಂಟಿ ತನ್ನ ಕಟ್ಟಡವನ್ನು ಹೇಗೆ ನೋಡಿಕೊಳ್ಳುತ್ತಿದೆ ಎಂಬುದೂ.