ಇ-ಬರ್ಡ್: ಆರು ವರ್ಷ, ಒಂದು ಪಿಎಚ್‌ಡಿ, ಲೆಕ್ಕ ಸಿಗದಷ್ಟು ಕಾಗೆ

ನೋಡಿದ ಹಕ್ಕಿಗಳ ಪಟ್ಟಿ ಹಾಕುವ ಇ-ಬರ್ಡ್ ಆ್ಯಪ್ ಬಳಸಲು ಶುರು ಮಾಡಿ 6 ವರ್ಷ ಆಯಿತು. ಮೊದಲ ಎರಡು ವರ್ಷ ಸುಮ್ನೆ ಹಕ್ಕಿ ನೋಡುವ ಹುಚ್ಚಿಗೆ, ಆಮೇಲೆ ಪಿಎಚ್‌ಡಿಗೆ. ನನ್ನ ವಿಷಯ ತುಮಕೂರು, ಚಿತ್ರದುರ್ಗ ಕಡೆಯ ಕೆರೆ ಮತ್ತು ಹೊಲಗಳ ಹಕ್ಕಿಗಳು. ಆ್ಯಪ್‌ಗೆ ದುಡ್ಡಿಲ್ಲ. ಎಲ್ಲರೂ ಕಳಿಸಿದ ಪಟ್ಟಿಗಳ ಡೇಟಾಗೂ ಇಲ್ಲ, ಯಾವ ಕೆಲಸಕ್ಕೆ ಬೇಕು ಅಂತ ಒಂದು ಫಾರ್ಮ್ ತುಂಬಿ ಕೇಳಬೇಕು ಅಷ್ಟೆ.

ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ ಸೇರಿ 2002ರಲ್ಲಿ ಆರಂಭಿಸಿದ್ದು ಇದು. ಎಲ್ಲಿ ನೋಡಿದಿರಿ, ಎಷ್ಟು ಹೊತ್ತು, ಎಷ್ಟು ದೂರ ನಡೆದಿರಿ, ಏನೇನು ಕಂಡಿತು, ಅದನ್ನೆಲ್ಲ ಬರೆದು ಕಳಿಸುವುದು.

ಕಳಿಸುವ ಮುಂಚೆ ಅದು ಒಂದು ಪ್ರಶ್ನೆ ಕೇಳುತ್ತದೆ: ಗುರುತು ಸಿಕ್ಕ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ? ಹೌದು ಅಥವಾ ಇಲ್ಲ. ಮೊದಲ ಎರಡು ವರ್ಷ ನಾನು ಅದನ್ನು ಓದದೆ ಒತ್ತುತ್ತಿದ್ದೆ, ಈಗ ನನ್ನ ಇಡೀ ಥೀಸಿಸ್ ಅದರ ಮೇಲೆ ನಿಂತಿದೆ. ಬರೀ ಫೋಟೋ ಹಾಕುವ ಬೇರೆ ಆ್ಯಪ್‌ಗಳಲ್ಲಿ ಹಕ್ಕಿ ಇತ್ತು ಅನ್ನುವುದು ಮಾತ್ರ ತಿಳಿಯುತ್ತದೆ. ಇಲ್ಲಿ ಹೌದು ಅಂದವರ ಪಟ್ಟಿಯಲ್ಲಿ ನೀಲಕಂಠ ಇಲ್ಲದಿದ್ದರೆ ಅವತ್ತು ಅವರಿಗೆ ಅದು ಕಾಣಲಿಲ್ಲ ಅಂತಲೇ ಅರ್ಥ. ನೂರು ಪೂರ್ತಿ ಪಟ್ಟಿಗಳಲ್ಲಿ ಎಷ್ಟರಲ್ಲಿ ನೀಲಕಂಠ ಇದೆ, ಹತ್ತು ವರ್ಷದ ಹಿಂದೆ ಎಷ್ಟರಲ್ಲಿತ್ತು ಅಂತ ನೋಡಬಹುದು. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಬಂದದ್ದೂ ಈ ದಾರಿಯಲ್ಲೇ. ಸುಮಾರು 30,000 ಜನ ಕೊಟ್ಟ 3 ಕೋಟಿ ದಾಖಲೆ ಇದ್ದರೂ, 942 ಜಾತಿಗಳಲ್ಲಿ ದೀರ್ಘಾವಧಿಯ ಏರಿಳಿತ ಹೇಳಲು ಆದದ್ದು 338ಕ್ಕೆ ಮಾತ್ರ, ಅವುಗಳಲ್ಲಿ 204 ಇಳಿದಿವೆ. ನಮ್ಮ ರಾಜ್ಯಪಕ್ಷಿ ನೀಲಕಂಠವೂ ಇಳಿದ ಗುಂಪಿನಲ್ಲೇ ಇದೆ.

ಇನ್ನು ಡೇಟಾ ಕೈಗೆ ಬಂದ ಮೇಲಿನ ಕಥೆ. ಮೊದಲ ದಿನ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದೆ. ಎಕ್ಸೆಲ್ ಹಿಡಿಯುವುದು 10,48,576 ಸಾಲು, ನನ್ನ ಫೈಲು ಅದಕ್ಕಿಂತ ಎಷ್ಟೋ ಉದ್ದ. ಉಳಿದದ್ದು ಕತ್ತರಿಸಿಹೋದದ್ದು ಗೊತ್ತೇ ಆಗದೆ ಒಂದು ವಾರ ಗ್ರಾಫ್ ಬಿಡಿಸಿದೆ, ತಪ್ಪು ನನ್ನದೇ. ಎಕ್ಸೆಲ್ ಬದಲು, ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇ-ಬರ್ಡ್ ಡೇಟಾ ಸೋಸುವ 'ಆಕ್' ಪ್ಯಾಕೇಜ್ ಕಲಿತುಕೊಳ್ಳಿ. ಐದು ಜನ ಒಟ್ಟಿಗೆ ಹೋಗಿ ಹಂಚಿಕೊಂಡ ಪಟ್ಟಿ ಐದು ಸಲ ಬಂದಿರುತ್ತದೆ, ಅದನ್ನು ಒಂದು ಮಾಡಿಕೊಡುತ್ತದೆ.

ಆಮೇಲೆ ಪಿನ್ನು, ಅಂದರೆ ನಕ್ಷೆಯಲ್ಲಿ ಜಾಗ ತೋರಿಸುವ ಚುಕ್ಕೆ. ಕೆರೆ ಸುತ್ತ ಮೂರು ಕಿಲೋಮೀಟರ್ ನಡೆದವರ ಪಟ್ಟಿಯೂ ನಕ್ಷೆಯಲ್ಲಿ ಒಂದೇ ಚುಕ್ಕೆ. ಉಪಗ್ರಹ ನಕ್ಷೆಯ ಮೇಲೆ ಇಟ್ಟು ನೋಡಿದರೆ ಚುಕ್ಕೆ ಕೆರೆಯ ನಟ್ಟನಡುವೆ! ಮೈನಾ, ಕಾಜಾಣ, ಗೌಜಲಹಕ್ಕಿ ಎಲ್ಲ ನೀರಲ್ಲಿ ವಾಸ ಮಾಡುತ್ತವೆ ಅಂತ, ಯಾವ ಹಕ್ಕಿ ಎಂಥ ಜಾಗದಲ್ಲಿರುತ್ತದೆ ಎಂದು ಲೆಕ್ಕ ಹಾಕುವ ನನ್ನ ಮಾಡೆಲ್ ಹೇಳಿದಾಗ ಲ್ಯಾಬಿನಲ್ಲಿ ಎಲ್ಲರೂ ನಕ್ಕರು. ಈಗ ಚುಕ್ಕೆಯ ಸುತ್ತ ಒಂದು ವೃತ್ತ ಎಳೆದು, ಅದರೊಳಗೆ ಹೊಲ ಎಷ್ಟು, ನೀರು ಎಷ್ಟು, ಕುರುಚಲು ಎಷ್ಟು ಅಂತ ಲೆಕ್ಕ ಹಾಕುತ್ತೇನೆ. ತುಂಬಾ ದೂರ ಹೋದ, ತುಂಬಾ ಹೊತ್ತು ಹಿಡಿದ ಪಟ್ಟಿಗಳನ್ನು ಬಿಟ್ಟೇಬಿಡುತ್ತೇನೆ.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಚುಕ್ಕೆಗಳು ಹರಡಿಕೊಂಡ ರೀತಿ. ಬೆಂಗಳೂರು, ಮೈಸೂರು ಸುತ್ತ ಇರುವೆ ಮುತ್ತಿದ ಹಾಗೆ. ಯಾದಗಿರಿ ಕಡೆ ಬಂದರೆ ದೊಡ್ಡ ದೊಡ್ಡ ಖಾಲಿ ಜಾಗ. ಪಟ್ಟಿ ಬರುವುದೂ ಹೆಚ್ಚಾಗಿ ಭಾನುವಾರ, ಅದೂ ಬೆಳಿಗ್ಗೆ, ಅದೂ ಕೆರೆ ಅಥವಾ ಕಾಡಿನ ಹತ್ತಿರ. ಜೋಳದ ಹೊಲಕ್ಕೆ ಯಾರು ಹೋಗುತ್ತಾರೆ ಹೇಳಿ? ನಕ್ಷೆಯ ಮೇಲೆ ಚೌಕ ಹಾಕಿ, ಒಂದೊಂದು ಚೌಕದಿಂದ ವಾರಕ್ಕೆ ಒಂದೇ ಪಟ್ಟಿ ಎತ್ತಿಕೊಂಡರೆ ಬೆಂಗಳೂರಿನ ಭಾರ ತಗ್ಗುತ್ತದೆ, ಆದರೆ ಖಾಲಿ ಚೌಕ ಖಾಲಿಯೇ ಅಲ್ವಾ.

ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಥರದ ಅಪಾಯದಲ್ಲಿರುವ ಹಕ್ಕಿಗಳ ಜಾಗವನ್ನು ಮುಚ್ಚಿಡುತ್ತಾರೆ. ಸಂಶೋಧಕರಿಗೆ ಸ್ವಲ್ಪ ರಗಳೆ, ಇದ್ದರೂ ಇರಲಿ.

ಅಂದಹಾಗೆ, ದಾಖಲೆ ಪರಿಶೀಲಿಸುವವರು ಸ್ವಯಂಸೇವಕರು. ನಾನು ಹಾಕಿದ್ದ ಒಂದು ಗಿಡುಗದ ಬಗ್ಗೆ ಒಬ್ಬರು ಎಷ್ಟು ಮರ್ಯಾದೆಯಿಂದ ಕೇಳಿದ್ದರು ಅಂದರೆ, ಫೋಟೋ ಮತ್ತೆ ನೋಡಿ ನಾನೇ ತೆಗೆದುಹಾಕಿದೆ.

5ಕ್ಕೆ 5. ಥೀಸಿಸ್ ಇನ್ನೂ ಸಲ್ಲಿಸಿಲ್ಲ. ಯಾದಗಿರಿ ಕಡೆಯವರು ಯಾರಾದರೂ ಓದುತ್ತಿದ್ದರೆ, ಬೆಳಿಗ್ಗೆ ಹಾಲು ತರಲು ಹೋದಾಗ 15 ನಿಮಿಷ ನಿಂತು ಒಂದು ಪಟ್ಟಿ ಹಾಕಿ. ಕಾಗೆ ಬಿಡಬೇಡಿ.