ಸಿಡಿಯುವ ಪಲ್ಸಾರ್‌ಗೆ ನುಸ್ಟಾರೋ, ಲ್ಯಾಕ್ಸ್‌ಪಿಸಿಯೋ?

1995ರ ಡಿಸೆಂಬರ್‌ನಲ್ಲಿ ನಾಸಾದ ಕಾಂಪ್ಟನ್ ಉಪಗ್ರಹದಲ್ಲಿದ್ದ ಬ್ಯಾಟ್ಸೆ ಎಂಬ ಗಾಮಾ ಕಿರಣ ಉಪಕರಣವು ಪತ್ತೆಹಚ್ಚಿದ ಜಿಆರ್‌ಒ ಜೆ1744-28, ಸೆಕೆಂಡಿಗೆ ಎರಡು ಬಾರಿಗಿಂತ ತುಸು ಹೆಚ್ಚು ತಿರುಗುತ್ತಲೇ ಸುಮಾರು ಹತ್ತು ಸೆಕೆಂಡುಗಳ ಎಕ್ಸ್-ಕಿರಣ ಸಿಡಿತಗಳನ್ನು ಹೊಮ್ಮಿಸುವ ಅಪರೂಪದ ಪಲ್ಸಾರ್, ಅಂದರೆ ತಿರುಗುತ್ತಾ ಮಿಡಿಯುವ ನ್ಯೂಟ್ರಾನ್ ತಾರೆ. ಅದು ಮತ್ತೆ ಉಜ್ವಲವಾದಾಗ ವೀಕ್ಷಣಾ ಸಮಯವನ್ನು ಎಲ್ಲಿ ಕೋರಬೇಕು: ನಾಸಾದ ಎಕ್ಸ್-ಕಿರಣ ಉಪಗ್ರಹ ನುಸ್ಟಾರ್‌ನಲ್ಲೋ, ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿರುವ ಎಕ್ಸ್-ಕಿರಣ ಉಪಕರಣ ಲ್ಯಾಕ್ಸ್‌ಪಿಸಿಯಲ್ಲೋ?

ಗ್ರಹಿಸಬಲ್ಲ ಕಿರಣಗಳ ಶಕ್ತಿವ್ಯಾಪ್ತಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ: 3ರಿಂದ 80 ಕಿಲೋ ಎಲೆಕ್ಟ್ರಾನ್ ವೋಲ್ಟ್.

ನನ್ನ ದೃಷ್ಟಿಯಲ್ಲಿ ನಿರ್ಣಾಯಕವಾದುದು ಎಣಿಕೆಯ ವೇಗ. ನುಸ್ಟಾರ್ ಒಂದು ಫೋಟಾನನ್ನು (ಕಿರಣದ ಕಣವನ್ನು) ದಾಖಲಿಸಿದ ಮೇಲೆ ಸುಮಾರು 2.5 ಮಿಲಿಸೆಕೆಂಡು ಮುಂದಿನದನ್ನು ಗ್ರಹಿಸಲಾರದು. ಆದ್ದರಿಂದ ಸಿಡಿತದ ಶಿಖರದಲ್ಲಿ, ನಮಗೆ ಅತ್ಯಂತ ಬೇಕಾದ ಗಳಿಗೆಯಲ್ಲೇ, ಅದರ ಪ್ರತಿ ದೂರದರ್ಶಕದ ದಾಖಲೆ ಸೆಕೆಂಡಿಗೆ ಸುಮಾರು 400 ಫೋಟಾನುಗಳಿಗೆ ಸೀಮಿತವಾಗುತ್ತದೆ. ಆಸ್ಟ್ರೋಸ್ಯಾಟ್‌ನ ಲ್ಯಾಕ್ಸ್‌ಪಿಸಿಗೆ ಈ ವಿರಾಮ ಕೆಲವೇ ಹತ್ತು ಮೈಕ್ರೋಸೆಕೆಂಡು. ಅದರ ಮೂರು ಘಟಕಗಳಲ್ಲಿ ಒಂದು 2018ರಲ್ಲೇ ಸ್ಥಗಿತಗೊಂಡಿದ್ದರೂ, ಸಿಡಿತದೊಳಗಿನ ಮಿಡಿತಗಳ ಅಧ್ಯಯನಕ್ಕೆ ನಾನು ಅದನ್ನೇ ಸೂಚಿಸುತ್ತೇನೆ.

ಆದರೆ ಈ ತಾರೆ ಕಾಣುವುದು ಕಿಕ್ಕಿರಿದ ಆಕಾಶಗಂಗೆಯ ಕೇಂದ್ರದ ದಿಕ್ಕಿನಲ್ಲಿ. ಬಿಂಬ ಮೂಡಿಸದ ಲ್ಯಾಕ್ಸ್‌ಪಿಸಿಯ ಸುಮಾರು ಒಂದು ಡಿಗ್ರಿಯ ನೋಟದಲ್ಲಿ ನೆರೆಯ ಆಕರಗಳ ಕಿರಣಗಳೂ ಬೆರೆಯುತ್ತವೆ. ತಾರೆ ಮಂಕಾಗಿರುವಾಗ, ಅಥವಾ ಕಬ್ಬಿಣದ ಪರಮಾಣುಗಳು ರೋಹಿತದಲ್ಲಿ ಮೂಡಿಸುವ ರೇಖೆಯ ಆಕಾರವೇ ಮುಖ್ಯವಾದಾಗ, ಬಿಂಬ ಮೂಡಿಸಬಲ್ಲ ನುಸ್ಟಾರ್ ಮೇಲು.

ತಿಂಗಳುಗಟ್ಟಲೆಯ ಏರಿಳಿತವನ್ನು ತಿಳಿಯಬೇಕಾದವರಿಗೆ ಬ್ಯಾಟ್ಸೆಯ ಹಳೆಯ ದತ್ತಾಂಶವೇ ಸಾಕಾಗಬಹುದು.